ಏರಿಯಾದಲ್ಲೊಂದು ಫುಟ್‌ಬಾಲ್ ಕ್ಲಬ್: ಮೊದಲ ಎರಡು ವರ್ಷ ದಾಟುವುದು ಹೇಗೆ

ಬೆಂಗಳೂರಿನಲ್ಲಿ ಹೊಸ ಕ್ಲಬ್ ಅಂದರೆ ಮೊದಲು ಲೋಗೊ, ಆಮೇಲೆ ಜೆರ್ಸಿ, ಕೊನೆಗೆ ಗ್ರೌಂಡ್ ಹುಡುಕಾಟ. ಬಹಳ ತಂಡಗಳು ಆರೇ ತಿಂಗಳಲ್ಲಿ ಕರಗಿಹೋಗುವುದು ಇದರಿಂದಲೇ. ಮೊದಲು ಗ್ರೌಂಡ್ ಮತ್ತು ವೇಳೆ ಗಟ್ಟಿಯಾಗಲಿ.

ಮಂಗೋಲಿಯಾದ ರಾಜಧಾನಿ ಉಲಾನ್‌ಬಾತರ್‌ನ ಕ್ಲಬ್‌ಗಳನ್ನು ನೋಡಿ. ಅಲ್ಲಿ ಚಳಿಗಾಲದ ರಾತ್ರಿ ಮೈನಸ್ 30 ಡಿಗ್ರಿಗೆ ಇಳಿಯುತ್ತದೆ, ಬಯಲಲ್ಲಿ ಆಡಲು ಸಿಗುವ ತಿಂಗಳುಗಳೇ ಕಡಿಮೆ. 1994ರಲ್ಲಿ ಹುಟ್ಟಿದ ಎರ್ಚಿಮ್ ತಂಡಕ್ಕೆ ಉಷ್ಣ ವಿದ್ಯುತ್ ಸ್ಥಾವರದ ಆಸರೆ ಇತ್ತು, ನಮ್ಮ ಎಚ್‌ಎಎಲ್, ಐಟಿಐ ತಂಡಗಳಿಗೆ ಕಾರ್ಖಾನೆ ಇದ್ದಂತೆ. 2013ರಲ್ಲಿ ಶುರುವಾದ ಬಾಯನ್‌ಗೋಲ್‌ನಂಥ ಸಣ್ಣ ಕ್ಲಬ್ ಎಲ್ಲವನ್ನೂ ಸೊನ್ನೆಯಿಂದ ಕಟ್ಟಬೇಕಾಯಿತು. ನಮಗೆ ಹಿಮದ ಕಾಟವಿಲ್ಲ. ಆದರೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಮಳೆ, ಮಾರ್ಚ್‌ನಲ್ಲಿ ಪರೀಕ್ಷೆ, ಭಾನುವಾರ ಬೆಳಿಗ್ಗೆ ಕ್ರಿಕೆಟ್‌ನವರು. ಈ ಮೂರನ್ನೂ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಂಡ ಮೇಲೆಯೇ ಪ್ರಾಕ್ಟೀಸ್ ದಿನ ಗೊತ್ತುಮಾಡಿ. ವಾರದ ನಡುವೆ ಎರಡು ದಿನ, ಬೆಳಿಗ್ಗೆ 6ರಿಂದ 7.30 ಸಾಕು. ಆಟಗಾರರು ಆರೇ ಜನ ಬಂದರೂ ಆ ದಿನ ರದ್ದು ಮಾಡಬೇಡಿ. ಒಮ್ಮೆ ರದ್ದಾದರೆ ಮುಂದಿನ ವಾರ ನಾಲ್ಕೇ ಜನ ಬರುತ್ತಾರೆ.

ಕಾಗದಪತ್ರಕ್ಕೆ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ದಾರಿ ಸರಳ. ಕನಿಷ್ಠ 7 ಸದಸ್ಯರು, ಸಂಘದ ಜ್ಞಾಪನಾಪತ್ರ, ಬೈಲಾ, ಕಚೇರಿ ವಿಳಾಸದ ಪುರಾವೆ ಬೇಕು. ಆಮೇಲೆ ಸಂಘದ ಹೆಸರಿನಲ್ಲಿ ಪ್ಯಾನ್, ಇಬ್ಬರ ಸಹಿಯ ಬ್ಯಾಂಕ್ ಖಾತೆ. ಎಡವುವುದು ನೋಂದಣಿಯಲ್ಲಲ್ಲ, ಆಮೇಲೆ: ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ನಡೆಸಿ ಲೆಕ್ಕಪತ್ರ, ಪದಾಧಿಕಾರಿಗಳ ಪಟ್ಟಿ ಸಲ್ಲಿಸುವುದನ್ನು ಮರೆತು ದಂಡ ಕಟ್ಟುತ್ತಾರೆ. ಲೀಗ್ ಆಡಲು ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿರುವ ರಾಜ್ಯ ಸಂಸ್ಥೆಯಲ್ಲಿ ವಿಚಾರಿಸಿ, ಕೆಳಗಿನ ಡಿವಿಷನ್‌ನಿಂದ ಆರಂಭಿಸಲು ಸಿದ್ಧರಾಗಿ.

ಆಟಗಾರರ ನೋಂದಣಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ (ಎಐಎಫ್‌ಎಫ್) ಕೇಂದ್ರೀಕೃತ ನೋಂದಣಿ ವ್ಯವಸ್ಥೆಯಾದ ಸಿಆರ್‌ಎಸ್ ಪೋರ್ಟಲ್‌ನಲ್ಲಿ. ಹುಡುಗನ ಆಧಾರ್‌ನಲ್ಲಿ ಇನಿಷಿಯಲ್ ಹೆಸರಿನ ಹಿಂದೆ, ಜನನ ಪ್ರಮಾಣಪತ್ರದಲ್ಲಿ ಮುಂದೆ ಇದ್ದರೂ ಅರ್ಜಿ ಸಿಕ್ಕಿಹಾಕಿಕೊಳ್ಳಬಹುದು. ಹಿಂದೆ ಬೇರೆ ಕ್ಲಬ್‌ನಲ್ಲಿ ಹೆಸರಿದ್ದರೆ ಅವರು ಬಿಟ್ಟುಕೊಡಬೇಕು. ಇದನ್ನು ಕೊನೆಯ ದಿನಕ್ಕೆ ಇಟ್ಟುಕೊಂಡರೆ ನಿಮ್ಮ ಒಳ್ಳೆಯ ಸ್ಟ್ರೈಕರ್ ಸೀಸನ್ ಪೂರ್ತಿ ಗೆರೆಯಾಚೆ ನಿಂತು ನೋಡಬೇಕಾಗುತ್ತದೆ.

ಈಗ ನಿಜವಾದ ಕೆಲಸ: ಗ್ರೌಂಡ್ ಮಾರ್ಕಿಂಗ್. ವಕ್ರ ಗೆರೆಯ ಗ್ರೌಂಡ್‌ನಲ್ಲಿ ಆಫ್‌ಸೈಡ್‌ಗೂ ಜಗಳ, ಪೆನಾಲ್ಟಿಗೂ ಜಗಳ. 100 × 64 ಮೀಟರ್ ಎಂದಿಟ್ಟುಕೊಳ್ಳಿ. ಒಂದು ಮೂಲೆಯಲ್ಲಿ ಗೂಟ ಹೊಡೆದು, ಉದ್ದದ ಕಡೆ 6 ಮೀಟರ್, ಅಗಲದ ಕಡೆ 8 ಮೀಟರ್ ಗುರುತು ಮಾಡಿ. ಈ ಎರಡು ಗುರುತುಗಳ ನಡುವೆ ಸರಿಯಾಗಿ 10 ಮೀಟರ್ ಬಂದರೆ ಮೂಲೆ ನೇರ. ನಾಲ್ಕೂ ಗೂಟ ಕೂತ ಮೇಲೆ ಎರಡೂ ಕರ್ಣ ಅಳೆಯಿರಿ, ಎರಡೂ 118.7 ಮೀಟರ್ ಇರಬೇಕು. ನೈಲಾನ್ ಹಗ್ಗದಲ್ಲಿ ಅಳೆಯಬೇಡಿ, ಎಳೆದಷ್ಟೂ ಹಿಗ್ಗುತ್ತದೆ. ಅಳತೆಗೆ ಟೇಪು, ಗೆರೆಗೆ ಗಾರೆಯವರ ದಾರ.

ಗೋಲ್ ಕಂಬಗಳ ಒಳಅಂಚಿನ ನಡುವೆ 7.32 ಮೀಟರ್, ಅಡ್ಡಪಟ್ಟಿಯ ಕೆಳಅಂಚಿಗೆ ನೆಲದಿಂದ 2.44. ಪೆನಾಲ್ಟಿ ಬಾಕ್ಸ್‌ಗೆ ಪ್ರತಿ ಕಂಬದ ಒಳಅಂಚಿನಿಂದ ಆಚೆಗೆ 16.5, ಮುಂದಕ್ಕೂ 16.5. ಅಂದರೆ ಬಾಕ್ಸಿನ ಅಗಲ 40.32. ಹೊರಅಂಚಿನಿಂದ ಅಳೆದು ತಪ್ಪು ಮಾಡುವವರೇ ಜಾಸ್ತಿ. ಪೆನಾಲ್ಟಿ ಸ್ಪಾಟ್ ಗೋಲ್ ಗೆರೆಯಿಂದ 11 ಮೀಟರ್‌ಗೆ, ನಡುವಿನ ವೃತ್ತದ ತ್ರಿಜ್ಯ 9.15. ಗೆರೆ 12 ಸೆಂಟಿಮೀಟರ್‌ಗಿಂತ ಅಗಲ ಬೇಡ.

ಒಟ್ಟು ಗೆರೆ ಸುಮಾರು 700 ಮೀಟರ್ ಆಗುತ್ತದೆ. ಮೊದಲು 10 ಮೀಟರ್ ಎಳೆದು ಎಷ್ಟು ಪುಡಿ ಹೋಯಿತು ಎಂದು ತೂಗಿ, 70ರಿಂದ ಗುಣಿಸಿ, ಅಷ್ಟೇ ತನ್ನಿ. ಸುಣ್ಣದ ಪುಡಿ ಮಾತ್ರ ಖಂಡಿತ ಬೇಡ. ಅಗ್ಗ ನಿಜ, ಆದರೆ ಬೆವರಿಗೋ ಮಳೆಗೋ ಒದ್ದೆಯಾದರೆ ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಗೋಲ್‌ಕೀಪರ್ ಆ ಗೆರೆಯ ಮೇಲೆ ಮುಖ ಕೆಳಗಾಗಿ ಬೀಳುತ್ತಾನೆ ಎಂಬುದು ನೆನಪಿರಲಿ. ಚಾಕ್ ಪುಡಿ ಸಾಕು. ಬೇಸಿಗೆಯಲ್ಲಿ ಕೆಂಪು ಧೂಳು ಏಳದಂತೆ ಹಿಂದಿನ ಸಂಜೆಯೇ ನೀರು ಚಿಮುಕಿಸಿ. ಬೆಳಿಗ್ಗೆ ಹಾಕಿದರೆ ಜಾರುತ್ತದೆ.

20 ಆಟಗಾರರಿಗೆ 5ನೇ ಸೈಜಿನ 7 ಚೆಂಡು ಇರಲಿ. ತೂಕ 410ರಿಂದ 450 ಗ್ರಾಂ. ಗಾಳಿಯ ಒತ್ತಡ 8.5ರಿಂದ 15.6 ಪಿಎಸ್‌ಐ (ಪಂಪಿನ ಮೀಟರ್ ತೋರಿಸುವ ಅಳತೆ) ನಡುವೆ ಇರಬೇಕು, ಮಣ್ಣಿನ ನೆಲಕ್ಕೆ 9–10 ಹಿತ. ಒಣ ಸೂಜಿ ಚುಚ್ಚಿದರೆ ವಾಲ್ವ್ ಹರಿಯುತ್ತದೆ, ಒದ್ದೆ ಮಾಡಿ ಹಾಕಿ. ಗಟ್ಟಿ ಮಣ್ಣಿಗೆ ರಬ್ಬರ್ ಸ್ಟಡ್ ಬೂಟು, ಕಬ್ಬಿಣದ ಸ್ಟಡ್ ಹಿಮ್ಮಡಿ ನೋಯಿಸುತ್ತದೆ. ಜೆರ್ಸಿ ಎರಡು ಬಣ್ಣದ್ದು, ಗೋಲ್‌ಕೀಪರ್‌ಗೆ ಮೂರನೆಯದು. ತಲೆಗೆ ಪೆಟ್ಟು ಬಿದ್ದು ಮಂಕಾದ ಆಟಗಾರ "ನಾನು ಚೆನ್ನಾಗಿದ್ದೀನಿ ಸಾರ್" ಎಂದರೂ ಆ ದಿನ ಮತ್ತೆ ಆಡಿಸಬೇಡಿ, ಆಸ್ಪತ್ರೆಗೆ ಕಳಿಸಿ.

ಹಣದ ಲೆಕ್ಕ ಹೀಗೆ ಹಾಕಿ: 22 ಜನ, ತಿಂಗಳಿಗೆ ತಲಾ ₹600, ಒಟ್ಟು ₹13,200. ಎಲ್ಲರೂ ಕೊಡುವುದಿಲ್ಲ. 16 ಜನ ಕೊಟ್ಟಾರು ಎಂದು ₹9,600ರಲ್ಲೇ ಗ್ರೌಂಡ್ ಬಾಡಿಗೆ, ಪುಡಿ, ಐಸ್, ಪ್ರಯಾಣ ಮುಗಿಸಿ, ಮೇಲೆ ಬಂದದ್ದನ್ನು ಲೀಗ್ ಶುಲ್ಕಕ್ಕೆ ಎತ್ತಿಡಿ. ಕೆಲಸವಿಲ್ಲದ ಹುಡುಗನಿಂದ ಕೇಳಬೇಡಿ. ಅವನು ಮ್ಯಾಚ್‌ಗೆ ಒಂದು ಗಂಟೆ ಮುಂಚೆ ಬಂದು ಬಲೆ ಕಟ್ಟಲಿ, ಪುಸ್ತಕದಲ್ಲಿ ಅದೂ ಚಂದಾ ಎಂದೇ ಬರೆಯಿರಿ. ಖಜಾಂಚಿ ಪ್ರತಿ ತಿಂಗಳ 5ರಂದು ಆ ಪುಟದ ಫೋಟೊ ಗುಂಪಿಗೆ ಹಾಕಲಿ, ಬಾಕಿಯವರ ಹೆಸರು ಮುಚ್ಚಿ.