ನಿಧಿ ಸಿಕ್ತಾ ಸ್ವಾಮಿ?

ಶಾಸನ ಹುಡುಕಿಕೊಂಡು ಯಾವ ಹಳ್ಳಿಗೆ ಹೋದರೂ ಮೊದಲು ಕೇಳೋದು ಇದನ್ನೇ. ಕೇಳುವವರ ತಪ್ಪೂ ಅಲ್ಲ ಬಿಡಿ. ಭಾನುವಾರ ಬೆಳಿಗ್ಗೆ ಪ್ಯಾಂಟು ಮಡಚಿಕೊಂಡ ಆರು ಜನ, ಕೈಯಲ್ಲಿ ಟೇಪು, ಬಕೆಟ್ಟು, ಬ್ರಷ್ಷು, ಹೊಲದ ಬದುವಿನಲ್ಲಿ ಬಗ್ಗಿ ಬಗ್ಗಿ ಕಲ್ಲು ನೋಡುತ್ತಿದ್ದರೆ ಯಾರಿಗಾದರೂ ಅನುಮಾನ ಬರುತ್ತೆ ಅಲ್ವಾ?

ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವನು. ಇತಿಹಾಸ ಓದಿದವನಲ್ಲ. ಏಳು ವರ್ಷದಿಂದ ಹೊಸಕೋಟೆ ಕಡೆಯ ಒಂದು ಸಣ್ಣ ಗುಂಪಿನ ಜೊತೆ ಓಡಾಡುತ್ತಿದ್ದೇನೆ. ಗುಂಪಿಗೆ ಹಿರಿಯರು ನಿವೃತ್ತ ಕನ್ನಡ ಮೇಷ್ಟ್ರು. ಸೇರುವಾಗ ನನ್ನ ತಲೆಯಲ್ಲಿದ್ದದ್ದು ಅಗೆತ. ಗುಂಡಿ ತೋಡೋದು, ಮಡಕೆ ಚೂರು ತೆಗೆಯೋದು, ಹೀಗೆಲ್ಲ. ಮೇಷ್ಟ್ರು ಮೊದಲ ದಿನವೇ ನೀರು ಎರಚಿದರು. ಉತ್ಖನನ ಅಂದರೆ ಪುರಾತತ್ವ ಇಲಾಖೆಯ ಪರವಾನಗಿ ಬೇಕು, ನಮ್ಮಂಥವರು ಸುಮ್ನೆ ಗುದ್ದಲಿ ಹಿಡಿಯುವಂತಿಲ್ಲ, ನಮ್ಮ ಕೆಲಸ ನೆಲದ ಮೇಲೆ ಇರೋದನ್ನು ಉಳಿಸೋದು ಅಂದರು.

ಕೆಲಸ ಶುರುವಾಗೋದು ಪುಸ್ತಕದಿಂದ. ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕದ 9ನೇ ಸಂಪುಟ ಬೆಂಗಳೂರು ಜಿಲ್ಲೆಯದ್ದು, 1905ರಲ್ಲಿ ಬಂದದ್ದು. ಅದರಲ್ಲಿ ಊರಿನ ಹೆಸರು, ಕಲ್ಲು ಎಲ್ಲಿದೆ ಅನ್ನೋದು ಇರುತ್ತೆ. ಆದರೆ ಹೇಗಿರುತ್ತೆ ಅಂದರೆ ‘ಪಟೇಲರ ಹೊಲದಲ್ಲಿ’, ‘ಕೆರೆ ಏರಿಯ ಹತ್ತಿರ’. ನೂರಿಪ್ಪತ್ತು ವರ್ಷದ ಹಿಂದಿನ ಪಟೇಲರು ಯಾರು, ಆ ಹೊಲ ಈಗ ಯಾವ ಲೇಔಟ್ ಆಗಿದೆ ಅಂತ ಹುಡುಕೋದೇ ಅರ್ಧ ಕೆಲಸ. ಗೂಗಲ್ ಮ್ಯಾಪು ಇಲ್ಲಿ ಉಪಯೋಗಕ್ಕೆ ಬರಲ್ಲ. ಅಶ್ವತ್ಥಕಟ್ಟೆ ಮೇಲೆ ಕೂತ ಅಜ್ಜಂದಿರು ಬರುತ್ತಾರೆ.

ಒಂದು ಊರಲ್ಲಿ ಎರಡು ಭಾನುವಾರ ಹುಡುಕಿದರೂ ಕಲ್ಲು ಸಿಗಲಿಲ್ಲ. ವಾಪಸ್ ಹೊರಡುವಾಗ ಒಂದು ಮನೆ ಮುಂದೆ ಅಜ್ಜಿ ಬಟ್ಟೆ ಒಗೆಯುತ್ತಿದ್ದರು. ಒಗೆಯೋ ಕಲ್ಲು ಉದ್ದಕ್ಕೆ, ತೆಳ್ಳಗೆ, ಒಂದು ತುದಿ ಕಮಾನಿನ ಹಾಗೆ ದುಂಡಗೆ. ಮೇಷ್ಟ್ರು ನಿಂತುಬಿಟ್ಟರು. ‘ಅಜ್ಜಿ, ಇದರ ಕೆಳಗಡೆ ಏನಾದರೂ ಬರೆದಿದೆಯಾ?’ ಅಂದರು. ‘ಏನೋ ಗೀಚಿದಂಗೆ ಐತೆ ಕಣಪ್ಪ. ಬಟ್ಟೆ ಹರೀತದೆ ಅಂತ ನಮ್ಮತ್ತೆನೇ ಬೋರಲು ಹಾಕ್ಸಿದ್ರು’ ಅಂದರು ಅಜ್ಜಿ.

ಬೋರಲು ಹಾಕಿದ್ದಕ್ಕೇ ಅಕ್ಷರ ಉಳಿದಿತ್ತು! ಪಂಚಾಯಿತಿಯವರನ್ನು ಕರೆಸಿ, ಅಜ್ಜಿಗೆ ಬೇರೆ ಚಪ್ಪಡಿ ತರಿಸಿಕೊಟ್ಟು, ಎಂಟು ಜನ ಹಾರೆ ಹಾಕಿ ಮೆಲ್ಲಗೆ ಮಗುಚಿದೆವು. ಮೇಲ್ಗಡೆ ಸೂರ್ಯ ಚಂದ್ರ. ಅದರ ಕೆಳಗೆ ಸಾಲು ಸಾಲು ಅಕ್ಷರ, ಸಂದಿಯಲ್ಲೆಲ್ಲ ಮಣ್ಣು.

ನಾನು ಉತ್ಸಾಹದಲ್ಲಿ ತಂತಿ ಬ್ರಷ್ ತೆಗೆದುಕೊಂಡು ಕೂತೆ. ಮೇಷ್ಟ್ರು ಕೈಯಿಂದ ಕಿತ್ತುಕೊಂಡರು. ಬೈಗುಳ ಇಲ್ಲಿ ಬರೆಯಲ್ಲ. ನೀರು ಮತ್ತು ತೆಂಗಿನ ನಾರು, ಅಷ್ಟೇ. ಆಸಿಡ್ ಬೇಡ, ಪೇಂಟ್ ಬೇಡ. ಅಕ್ಷರ ಕಾಣಲಿ ಅಂತ ಆಯಿಲ್ ಪೇಂಟ್ ತುಂಬಿಸುವವರೂ ಇದ್ದಾರೆ, ಅವರು ತಪ್ಪಾಗಿ ಓದಿ ತುಂಬಿಸಿದರೆ ಆಮೇಲೆ ಬಂದವರೆಲ್ಲ ಆ ತಪ್ಪನ್ನೇ ಓದಬೇಕು.

ಇನ್ನೊಂದು ಕಲಿತದ್ದು, ಮಧ್ಯಾಹ್ನ ಶಾಸನ ಓದಲು ಹೋಗಬೇಡಿ. ನೆತ್ತಿ ಮೇಲಿನ ಬಿಸಿಲಲ್ಲಿ ಕಲ್ಲು ಬೋಳಾಗಿ ಕಾಣುತ್ತೆ. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿಗೆ ತಾಗಿದ ಹಾಗೆ ಪಕ್ಕದಿಂದ ಹಿಡಿಯಿರಿ, ಅಕ್ಷರ ಎದ್ದು ನಿಲ್ಲುತ್ತೆ. ಕಾಗದದಲ್ಲಿ ಅಚ್ಚು ತೆಗೆಯೋದು ಬೇರೆಯದೇ ವಿದ್ಯೆ. ಒದ್ದೆ ಕಾಗದ ಕಲ್ಲಿಗೆ ಅಂಟಿಸಿ, ಬ್ರಷ್ಷಿನಿಂದ ತಟ್ಟಿ ತಟ್ಟಿ ಅಕ್ಷರದ ಗುಳಿಯೊಳಗೆ ಇಳಿಸಿ, ಅರೆಬರೆ ಒಣಗಿದಾಗ ಮಸಿ ಒತ್ತಬೇಕು. ನಾನು ಮೊದಲ ಮೂರು ಕಾಗದ ಹರಿದೆ. ಈಗೆಲ್ಲ ತ್ರೀಡಿ ಸ್ಕ್ಯಾನ್ ಬಂದಿದೆ, ಇತಿಹಾಸದ ಕೆಲಸ ಮಾಡುವ ಮಿಥಿಕ್ ಸೊಸೈಟಿ ಅನ್ನೋ ಸಂಸ್ಥೆಯವರು ಬೆಂಗಳೂರು ಸುತ್ತಲಿನ ಶಾಸನಗಳನ್ನು ಹಾಗೇ ಉಳಿಸುತ್ತಿದ್ದಾರೆ. ಆದರೂ ಕೈಗೆ ಮಸಿ ಆಗದೆ ನನಗೆ ಸಮಾಧಾನ ಇಲ್ಲ.

ಜನರಿಗೆ ತಿಳಿಸುವ ಕೆಲಸದಲ್ಲಿ ನಾನು ಜಾಸ್ತಿ ಎಡವಿದ್ದೇನೆ. ಶಾಲೆಯೊಂದರಲ್ಲಿ ಗಂಗರು, ಚೋಳರು, ಇಸವಿ ಅಂತ ಮುಕ್ಕಾಲು ಗಂಟೆ ಮಾತಾಡಿದೆ, ಹಿಂದಿನ ಬೆಂಚಿನವರು ನಿದ್ದೆಯೇ ಹೊಡೆದರು. ಮುಂದಿನ ಸಲ ಮಕ್ಕಳನ್ನು ಕಲ್ಲಿನ ಹತ್ತಿರವೇ ಕರೆದುಕೊಂಡು ಹೋಗಿ, ದಾನಶಾಸನಗಳ ಕೊನೆಯಲ್ಲಿ ಬರುವ ಶಾಪ ಹೇಳಿದೆ. ಕೊಟ್ಟ ಭೂಮಿಯನ್ನು ಕಿತ್ತುಕೊಂಡವನು ಅರುವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ! ಬಿದ್ದು ಬಿದ್ದು ನಕ್ಕರು. ಮನೆಗೆ ಹೋಗಿ ಅಪ್ಪಂದಿರಿಗೂ ಹೇಳಿದರಂತೆ.

ದೊಡ್ಡವರಿಗೆ ಬೆಂಗಳೂರಿನ ಹೆಬ್ಬಾಳದ ಕತೆ ಹೇಳುತ್ತೇನೆ. 2018ರಲ್ಲಿ ಅಲ್ಲಿ ಚರಂಡಿ ಅಗೆಯುವಾಗ ಕಿಟ್ಟಯ್ಯ ಅನ್ನುವವನ ವೀರಗಲ್ಲು ಸಿಕ್ಕಿತು. ಗಂಗರ ರಾಜ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ಚರಂಡಿ ಮಣ್ಣಿನ ಜೊತೆ ಲಾರಿಗೆ ಹೋಗಬೇಕಿದ್ದ ಕಲ್ಲು ಅದು. ಒಬ್ಬರು ಗಮನಿಸಿದರೆ ಸಾಕಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನ್ನ ಹತ್ತಿರ ಇಲ್ಲ.

ಆದರೆ ಗಮನಿಸುವವರೆಲ್ಲ ಒಳ್ಳೆಯವರೇ ಇರಲ್ಲ. ಮೂರನೇ ವರ್ಷ ಒಂದು ತೋಪಿನೊಳಗಿನ ವೀರಗಲ್ಲಿನ ಫೋಟೋ ಹಾಕಿ, ‘ಅಪರೂಪದ ಕಲ್ಲು’ ಅಂತ ಬರೆದು, ಜಾಗದ ಗುರುತನ್ನೂ ಕೊಟ್ಟಿದ್ದೆ. ಎರಡು ವಾರ ಬಿಟ್ಟು ಹೋದರೆ ಕಲ್ಲು ಮಗುಚಿ ಬಿದ್ದಿತ್ತು, ಮೂಲೆ ಒಡೆದಿತ್ತು, ಅದು ನಿಂತಿದ್ದ ಜಾಗದಲ್ಲಿ ಆಳುದ್ದ ಗುಂಡಿ. ಪಕ್ಕದಲ್ಲಿ ನಿಂಬೆಹಣ್ಣು, ಕುಂಕುಮ. ನಿಧಿಗಳ್ಳರಿಗೆ ದಾರಿ ತೋರಿಸಿದ್ದು ನಾನೇ. ಊರಿನವರ ಮುಖ ನೋಡಲು ಆಗಲಿಲ್ಲ.

ಅಂದಿನಿಂದ ಕಲ್ಲನ್ನು ಊರೊಳಗೆ ನಿಲ್ಲಿಸುವ ತನಕ ಜಾಗ ಹೇಳೋದಿಲ್ಲ. ಮಾತು ಶುರು ಮಾಡೋದೂ ನಿಧಿಯಿಂದಲೇ. ವೀರಗಲ್ಲಿನ ಕೆಳಗೆ ಚಿನ್ನ ಯಾಕೆ ಇಡ್ತಾರೆ, ದನ ಬಿಡಿಸಿಕೊಂಡು ಬರಲು ಹೋಗಿ ಸತ್ತವನ ಕಲ್ಲು ಅದು ಅನ್ನುತ್ತೇನೆ. ಅದಕ್ಕೂ ಬಗ್ಗದಿದ್ದರೆ ನಿಧಿ ಕಾಯ್ದೆ ಹೇಳುತ್ತೇನೆ. ಕರ್ನಾಟಕಕ್ಕೆ ಈಗ 1962ರ ತನ್ನದೇ ಕಾಯ್ದೆ ಇದೆ. ಬ್ರಿಟಿಷರ ಕಾಲದ 1878ರ ಕಾಯ್ದೆಯಲ್ಲೇ, ನೆಲದಲ್ಲಿ ಹತ್ತು ರೂಪಾಯಿಗಿಂತ ಜಾಸ್ತಿ ಬೆಲೆಯ ನಿಧಿ ಸಿಕ್ಕರೂ ಜಿಲ್ಲಾಧಿಕಾರಿಗೆ ತಿಳಿಸಬೇಕು ಅಂತ ಇತ್ತು. ಹತ್ತು ರೂಪಾಯಿ ಅಂದ ಕೂಡಲೇ ಎಲ್ಲರೂ ನಗುತ್ತಾರೆ, ಆಮೇಲೆ ಸ್ವಲ್ಪ ಯೋಚಿಸುತ್ತಾರೆ.

ಒಗೆಯೋ ಕಲ್ಲು ಈಗ ಅದೇ ಊರಿನ ದೇವಸ್ಥಾನದ ಮುಂದೆ ನಿಂತಿದೆ. ಅಜ್ಜಿ ಸೋಮವಾರ ಸೋಮವಾರ ಅದಕ್ಕೆ ಹರಳೆಣ್ಣೆ ಹಚ್ಚಿ, ಅಕ್ಷರದ ಮೇಲೇ ಕುಂಕುಮ ಇಡುತ್ತಾರೆ. ‘ಎಣ್ಣೆ ಬೇಡ ಅಜ್ಜಿ, ಒಂದು ಚೊಂಬು ನೀರು ಹಾಕಿ ಸಾಕು’ ಅಂದೆ. ‘ಇಷ್ಟು ವರ್ಷ ಅದರ ಮೇಲೆ ಬಟ್ಟೆ ಕುಕ್ಕಿದ್ದೀನಲ್ಲಪ್ಪ, ಎಣ್ಣೆನಾದ್ರೂ ಹಚ್ತೀನಿ ಬಿಡು’ ಅಂದರು. ಮುಂದಿನ ಭಾನುವಾರ ಮೇಷ್ಟ್ರನ್ನೇ ಕರೆದುಕೊಂಡು ಹೋಗಬೇಕು.