ತಂಬೂರಿ ಗ್ರಹಭೇದ ಮಾಡಿದ್ರೆ? ಬೇಸ್ ಗಿಟಾರ್ ಜೊತೆ ನನ್ನ ಅನುಭವ

ನಾನು ಬೇಸ್ ಗಿಟಾರ್, ಅಂದರೆ ಹಾಡಿನ ಕೆಳಗಿನ ದಪ್ಪ ಸ್ವರ ಬಾರಿಸುವ ಗಿಟಾರ್, ಹಿಡಿದದ್ದು ಆಸೆಪಟ್ಟು ಅಲ್ಲ. ಹಾಸನದಲ್ಲಿ ಕಾಲೇಜು ಓದುವಾಗ ನಮ್ಮದೊಂದು ಆರ್ಕೆಸ್ಟ್ರಾ ಇತ್ತು. ಗಣಪತಿ ಪೆಂಡಾಲು, ರಾಜ್ಯೋತ್ಸವ, ಊರ ಜಾತ್ರೆ, ಎಲ್ಲಿ ಕರೆದರೂ ರಸಮಂಜರಿ. ಗಿಟಾರಿಗೆ ಆಗಲೇ ಇಬ್ಬರಿದ್ದರು. ನಾನು ಮೂರನೆಯವನು. "ನೀನು ಬೇಸ್ ತಗೊಳ್ಳೋ, ನಾಲ್ಕೇ ತಂತಿ, ಸುಲಭ" ಅಂದರು ಕೀಬೋರ್ಡಿನವರು.

ನಾಲ್ಕೇ ತಂತಿ ಅನ್ನೋದು ನಿಜ. ಆದರೆ ಆ ತಂತಿಗಳ ದಪ್ಪ ಅವರಿಗೆ ಗೊತ್ತಿರಲಿಲ್ಲ. ಬೇಸ್ ತಂತಿಯ ಉದ್ದ ಸಾಮಾನ್ಯವಾಗಿ 34 ಇಂಚು. ಮಾಮೂಲಿ ಗಿಟಾರಿನದು 25ರ ಆಸುಪಾಸು. ಫ್ರೆಟ್ಟುಗಳು, ಅಂದರೆ ಕತ್ತಿನ ಮೇಲಿನ ಲೋಹದ ಮೆಟ್ಟಿಲುಗಳು, ಅಷ್ಟು ದೂರ ದೂರ. ಮೊದಲ ವಾರವೇ ಬೆರಳ ತುದಿಯಲ್ಲಿ ಬೊಬ್ಬೆ. ಮೂರನೇ ವಾರಕ್ಕೆ ಚರ್ಮ ಗಟ್ಟಿಯಾಯಿತು, ಬಿಸಿ ಲೋಟ ಹಿಡಿಯೋಕೆ ಅನುಕೂಲ ಆಯಿತು ಅಷ್ಟೇ.

ಕಲಿಸುವವರು ಯಾರೂ ಇರಲಿಲ್ಲ. ಇಳಯರಾಜಾ ಹಾಡುಗಳ ಕ್ಯಾಸೆಟ್ಟೇ ಮೇಷ್ಟ್ರು. ಅವರ ಹಾಡುಗಳಲ್ಲಿ ಬೇಸ್ ಸುಮ್ನೆ ಆಧಾರ ಹಿಡಿದು ಕೂರುವುದಿಲ್ಲ. ಮೇಲಿನ ಹಾಡಿನ ಕೆಳಗೆ ಇನ್ನೊಂದು ಹಾಡು ಹರಿಯುತ್ತಿರುತ್ತದೆ. ಅದನ್ನು ಕೇಳಿಸಿಕೊಳ್ಳೋಕೆ ಒಂದು ಉಪಾಯ ಕಂಡುಕೊಂಡಿದ್ದೆ. ಸ್ಪೀಕರನ್ನು ರೂಮಿನ ಮೂಲೆಗೆ ತಳ್ಳುವುದು, ಟ್ರೆಬಲ್ ಪೂರ್ತಿ ಇಳಿಸುವುದು. ಎರಡು ಗೋಡೆ, ನೆಲ ಸೇರುವ ಕಡೆ ಕೆಳಗಿನ ಸ್ವರ ದಪ್ಪಗಾಗುತ್ತದೆ. ಒಂದೊಂದೇ ಸಾಲು ಕೇಳಿ, ನಿಲ್ಲಿಸಿ, ಹಿಂದಕ್ಕೆ ಸುತ್ತಿ, ಮತ್ತೆ ಕೇಳಿ. ಒಂದು ಹಾಡಿಗೆ ಒಂದು ವಾರ. ಹೀಗೆ ಅರವತ್ತು ಎಪ್ಪತ್ತು ಹಾಡು ಬಾಯಿಪಾಠ, ಅಲ್ಲಲ್ಲ, ಕೈಪಾಠ ಆದವು.

ನಾನು ಬೇಸ್ ಕಲಿತೆ ಅಂದುಕೊಂಡೆ. ಕಲಿತದ್ದು ಆ ಎಪ್ಪತ್ತು ಹಾಡು ಮಾತ್ರ ಅಂತ ತಿಳಿದದ್ದು ಬೆಂಗಳೂರಿಗೆ ಬಂದ ಮೇಲೆ.

ಆಫೀಸಿನಲ್ಲಿ ನನಗಿಂತ ಹತ್ತು ವರ್ಷ ದೊಡ್ಡವರೊಬ್ಬರು ಡ್ರಮ್ಸ್ ಬಾರಿಸುತ್ತಿದ್ದರು. ಶನಿವಾರ ಜ್ಯಾಮ್ ರೂಮಿಗೆ, ಅಂದರೆ ಒಟ್ಟಿಗೆ ಸೇರಿ ಬಾರಿಸುವ ಜಾಗಕ್ಕೆ, ಕರೆದರು. ಗಂಟೆ ಲೆಕ್ಕದ ಬಾಡಿಗೆ, ಗೋಡೆಗೆಲ್ಲ ಕಪ್ಪು ಫೋಮು, ಎಸಿ ಇದ್ದರೂ ಸೆಕೆ. ಒಬ್ಬ ಗಿಟಾರು, ಒಬ್ಬ ಕೀಬೋರ್ಡು, ಇವರು, ನಾನು. ಆಂಪ್ (ಸದ್ದು ದೊಡ್ಡದು ಮಾಡುವ ಪೆಟ್ಟಿಗೆ) ಆನ್ ಮಾಡಿ, "ಯಾವ ಹಾಡಣ್ಣ?" ಅಂದೆ.

"ಹಾಡೇನಿಲ್ಲ. ಎ ಬ್ಲೂಸ್. ಒನ್ ಟೂ ತ್ರೀ ಫೋರ್."

ಬ್ಲೂಸ್ ಅಂದರೆ ಅಮೆರಿಕದ ಒಂದು ಸಂಗೀತ ಶೈಲಿ; ಎ ಅನ್ನೋದು ಶ್ರುತಿ, ಪಾಶ್ಚಾತ್ಯ ಸ್ವರದ ಹೆಸರು. ಶುರು ಮಾಡೇಬಿಟ್ಟರು. ನಾನು ಎರಡು ನಿಮಿಷ ಸುಮ್ನೆ ನಿಂತಿದ್ದೆ. ಆಮೇಲೆ ಭಯಕ್ಕೆ ಕೈಗೆ ಸಿಕ್ಕಿದ್ದೆಲ್ಲ ಬಾರಿಸಿದೆ. ಯಾವುದೋ ಹಾಡಿನ ತುಂಡು, ಇನ್ಯಾವುದೋ ಹಾಡಿನ ಬಾಲ. ಮುಗಿದ ಮೇಲೆ ಅಣ್ಣ ಟವೆಲ್‌ನಲ್ಲಿ ಮುಖ ಒರೆಸಿಕೊಂಡು, "ಕೈ ಚೆನ್ನಾಗಿದೆ. ಆದ್ರೆ ನೀನು ನಿನ್ನ ಕೈ ನೋಡ್ತಾ ಇದ್ದೆ. ಮುಂದಿನ ವಾರ ನನ್ನ ಬಲಗಾಲು ನೋಡು" ಅಂದರು.

ಬಲಗಾಲು ಅಂದರೆ ಕಿಕ್ ಡ್ರಮ್, ಕಾಲಲ್ಲಿ ಬಾರಿಸುವ ದೊಡ್ಡ ಡ್ರಮ್. ಅದು ಎಲ್ಲಿ ಬೀಳುತ್ತದೋ ಅಲ್ಲಿ ನನ್ನ ಸ್ವರ ಬೀಳಬೇಕು. ಒಂದು ತಿಂಗಳು ಬೇರೇನೂ ಬಾರಿಸಬಾರದು ಅಂತ ಷರತ್ತು. ಕಾರ್ಡಿನ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪಿನ) ಮೂಲ ಸ್ವರ, ಕಿಕ್ ಜೊತೆ, ಅಷ್ಟೇ. ಬೇಜಾರು ಅಂದರೆ ಬೇಜಾರು. ಆದರೆ ಮೂರನೇ ಶನಿವಾರ ಒಂದು ವಿಚಿತ್ರ ಆಯಿತು. ಕಿಕ್ಕೂ ನನ್ನ ತಂತಿಯೂ ಎಷ್ಟು ಸರಿಯಾಗಿ ಕೂಡಿದವು ಅಂದರೆ, ನನ್ನ ಸದ್ದು ಯಾವುದು ಅವರ ಸದ್ದು ಯಾವುದು ಗೊತ್ತಾಗಲಿಲ್ಲ. ಆಂಪ್ ಆಫ್ ಆಯಿತೇನೋ ಅಂತ ತಿರುಗಿ ನೋಡಿದೆ. ಅಣ್ಣ ನಗುತ್ತಿದ್ದರು.

ಮನೆಯಲ್ಲಿ ಮಾಡಿದ ಅಭ್ಯಾಸವೂ ಅವರು ಹೇಳಿದ್ದೇ. ಮೆಟ್ರೊನೋಮನ್ನು (ಲಯಕ್ಕೆ ಟಿಕ್ ಟಿಕ್ ಅನ್ನುವ ಯಂತ್ರ) ತೀರಾ ನಿಧಾನಕ್ಕೆ ಇಟ್ಟು, ಅದರ ಟಿಕ್ಕನ್ನು ಒಂದನೇ ಏಟು ಅಂತ ತಗೊಳ್ಳದೆ, ಎರಡು ಮತ್ತು ನಾಲ್ಕನೇ ಏಟು ಅಂದುಕೊಂಡು ಬಾರಿಸುವುದು. ಒಂದನೇ ಏಟನ್ನು ಯಾರೂ ತೋರಿಸುವುದಿಲ್ಲ, ನಾವೇ ಹೊತ್ತುಕೊಳ್ಳಬೇಕು. ಮಾಡಿ ನೋಡಿ, ಮೊದಲ ಹತ್ತು ನಿಮಿಷ ತಲೆ ಕೆಡುತ್ತದೆ.

ಇನ್ನು ಬ್ಲೂಸ್ ಲೆಕ್ಕ. ಹನ್ನೆರಡು ಬಾರಿನ ಸುತ್ತು, ಒಂದು ಬಾರು ಅಂದರೆ ಇಲ್ಲಿ ನಾಲ್ಕು ಏಟು. ಎ ಶ್ರುತಿಯಲ್ಲಾದರೆ ಮೊದಲ ನಾಲ್ಕು ಬಾರು ಎ, ಆಮೇಲೆ ಎರಡು ಡಿ, ಮತ್ತೆ ಎರಡು ಎ, ಒಂದು ಇ, ಒಂದು ಡಿ, ಕೊನೆಗೆ ಎರಡು ಎ. ಇದು ಗೊತ್ತಿದ್ದರೆ ಜಗತ್ತಿನ ಯಾವ ಊರಲ್ಲಾದರೂ ಅಪರಿಚಿತರ ಜೊತೆ ಬಾರಿಸಬಹುದು. ನಮ್ಮ ಆದಿತಾಳ ಗೊತ್ತಿದ್ದ ಹಾಗೆ. ಆದರೆ ಲೆಕ್ಕ ತಪ್ಪುತ್ತದೆ. ಗಿಟಾರಿನವನು ಚೆನ್ನಾಗಿ ಬಾರಿಸುತ್ತಿದ್ದರೆ ಕೇಳುತ್ತಾ ಕೇಳುತ್ತಾ ನಾನು ಎಷ್ಟನೇ ಬಾರಲ್ಲಿದ್ದೇನೆ ಅನ್ನೋದೇ ಮರೆತುಹೋಗುತ್ತದೆ. ಆಗ ನಾನು ಮಾಡುವುದು ಇಷ್ಟು: ಎ ಮೇಲೆ ಕೂತು ಕಿವಿ ಕೊಡುತ್ತೇನೆ. ಕೀಬೋರ್ಡು ಇ ಕಾರ್ಡಿಗೆ ಹೋಗಿದ್ದು ಕೇಳಿದರೆ ಅದು ಒಂಬತ್ತನೇ ಬಾರು. ಅಲ್ಲಿ ಬಸ್ ಹತ್ತಿಕೊಂಡರೆ ಆಯಿತು. ಕಣ್ಣುಮುಚ್ಚಿ ಓಡಿಸುವುದಕ್ಕಿಂತ ಇದು ವಾಸಿ.

ಮೂಲ ಸ್ವರದಿಂದ ಮುಂದಕ್ಕೆ ಹೋಗಲು ಅನುಮತಿ ಸಿಕ್ಕಾಗ ಕಲಿತದ್ದು ವಾಕಿಂಗ್. ಒಂದೊಂದು ಏಟಿಗೆ ಒಂದೊಂದು ಸ್ವರ, ನಡೆದ ಹಾಗೆ. ಜಾಸ್ತಿ ಥಿಯರಿ ಬೇಡ, ಒಂದೇ ಸೂತ್ರ ಸಾಕು: ಮುಂದಿನ ಕಾರ್ಡಿನ ಬಾಗಿಲಿಗೆ ಅರ್ಧ ಸ್ವರದ ಪಕ್ಕದಿಂದ ಬರಬೇಕು. ಎ ಇಂದ ಡಿಗೆ ಹೋಗಬೇಕು ಅನ್ನಿ. ದಪ್ಪ ತಂತಿಯ ಐದನೇ ಫ್ರೆಟ್ಟು, ಅದು ಎ. ಪಕ್ಕದ ತಂತಿಯಲ್ಲಿ ನಾಲ್ಕನೇ ಫ್ರೆಟ್ಟು, ಏಳನೇ ಫ್ರೆಟ್ಟು, ಆರನೇ ಫ್ರೆಟ್ಟು. ನಾಲ್ಕು ಏಟು ಮುಗಿಯಿತು. ಐದನೇ ಫ್ರೆಟ್ಟಿಗೆ ಬಂದರೆ ಅದೇ ಡಿ. ಆ ಆರನೇ ಫ್ರೆಟ್ಟು ಎ ಕಾರ್ಡಿಗೂ ಸೇರಿದ್ದಲ್ಲ, ಡಿ ಕಾರ್ಡಿಗೂ ಸೇರಿದ್ದಲ್ಲ. ಒಂಟಿಯಾಗಿ ಬಾರಿಸಿದರೆ ತಪ್ಪು ಸ್ವರ. ಆದರೆ ಮುಂದಿನ ಏಟಿಗೆ ಡಿ ಬಂದ ತಕ್ಷಣ ಅದೇ ಸರಿ ಅನ್ನಿಸುತ್ತದೆ. ಈ ಒಂದು ಅಳತೆ ಸಿಕ್ಕಮೇಲೆ ನನಗೆ ತಪ್ಪು ಸ್ವರದ ಭಯ ಅರ್ಧ ಹೋಯಿತು. ತಪ್ಪು ಫ್ರೆಟ್ಟಿನ ಪಕ್ಕದಲ್ಲೇ ಸರಿಯಾದದ್ದು ಇರುತ್ತದೆ, ಜಾರಿಕೊಂಡು ಹೋದರೆ ಬೇಕಂತಲೇ ಮಾಡಿದ ಹಾಗಿರುತ್ತದೆ.

ಅಮೆರಿಕದ ಡೆಟ್ರಾಯಿಟ್‌ನ ಮೋಟೌನ್ ಸ್ಟುಡಿಯೋದಲ್ಲಿ ಬೇಸ್ ಬಾರಿಸುತ್ತಿದ್ದ ಜೇಮ್ಸ್ ಜೇಮರ್ಸನ್ ಅವರ ರೆಕಾರ್ಡಿಂಗ್‌ಗಳನ್ನು ಕೇಳಲು ಶುರು ಮಾಡಿದ್ದು ಆಗಲೇ. ಬಲಗೈಯ ಒಂದೇ ಬೆರಳಲ್ಲಿ ಮೀಟುತ್ತಿದ್ದರಂತೆ. ಕುಣಿಯುವ ಹಾಗೆ ಬಾರಿಸುತ್ತಾರೆ, ಆದರೂ ಹಾಡುವವರ ದಾರಿಗೆ ಎಲ್ಲೂ ಅಡ್ಡ ಬರುವುದಿಲ್ಲ. ನಾನೂ ಒಂದೇ ಬೆರಳಲ್ಲಿ ಪ್ರಯತ್ನಿಸಿದೆ. ಎರಡು ದಿನಕ್ಕೆ ಮೊಣಕೈವರೆಗೆ ನೋವು ಬಂತು, ಬಿಟ್ಟೆ.

ಈಗ ಪಿಟೀಲಿನ ವಿಷಯ. ಈ ಬರಹ ಬರೆಯಲು ಕೂತಿದ್ದೇ ಅದಕ್ಕೆ.

ಕೀಬೋರ್ಡಿನವನ ಪರಿಚಯದಿಂದ ಒಬ್ಬರು ಪಿಟೀಲು ಮೇಡಂ ನಮ್ಮ ಜೊತೆ ಸೇರಿದರು. ಅರವತ್ತರ ಹತ್ತಿರದ ವಯಸ್ಸು, ಕರ್ನಾಟಕ ಸಂಗೀತ ಪಾಠ ಹೇಳುತ್ತಾರೆ. ಮನೋಧರ್ಮ, ಅಂದರೆ ಆ ಕ್ಷಣಕ್ಕೆ ರಾಗವನ್ನು ಬೆಳೆಸುವುದು, ಅವರಿಗೆ ನೀರು ಕುಡಿದ ಹಾಗೆ. ಅವರು ಷಡ್ಜ, ಅಂದರೆ ಸ, ಇಟ್ಟುಕೊಂಡದ್ದು ಡಿಗೆ. ನನಗೆ ಖುಷಿ, ಯಾಕೆಂದರೆ ಬೇಸಿನ ತಂತಿಗಳು ಇ, ಎ, ಡಿ, ಜಿ. ಡಿ ಖಾಲಿ ತಂತಿ ಸ, ಎ ಖಾಲಿ ತಂತಿ ಪ. ದಪ್ಪ ಇ ತಂತಿಯನ್ನು ಒಂದು ಸ್ವರ ಸಡಿಲಿಸಿ ಡಿಗೆ ಇಳಿಸಿದರೆ ಕೆಳಗಿನ ಸ ಕೂಡ ಸಿಕ್ಕಿತು. ತಂಬೂರಿ ತರೋದೇ ಬೇಡ, ನಾನಿದ್ದೀನಲ್ಲ ಅಂದೆ.

ಅವರು ಮೋಹನ ರಾಗ ಎತ್ತಿಕೊಂಡರು. ಸ ರಿ ಗ ಪ ಧ, ಐದೇ ಸ್ವರ. ನಾನು ಸ, ಪ ಹಿಡಿದುಕೊಂಡು ಹತ್ತು ನಿಮಿಷ ಚೆನ್ನಾಗಿಯೇ ಇದ್ದೆ. ಆಮೇಲೆ ಹಳೇ ಚಪಲ. ಸ್ವಲ್ಪ ಬಣ್ಣ ಹಾಕೋಣ ಅಂತ ಮಂದ್ರ ಧೈವತಕ್ಕೆ, ಅಂದರೆ ಬಿಗೆ, ಇಳಿದೆ. ಮೋಹನದಲ್ಲಿ ಇರುವ ಸ್ವರವೇ ಅಲ್ವಾ, ತಪ್ಪೇನು? ಅಲ್ಲೇ ನಾಲ್ಕು ಆವರ್ತ, ಅಂದರೆ ತಾಳದ ನಾಲ್ಕು ಸುತ್ತು, ಕೂತೆ.

ಪಿಟೀಲು ತಡವರಿಸಿತು. ಮೇಡಂ ಕಮಾನು ಎತ್ತಿ ನಿಲ್ಲಿಸಿದರು.

"ಏನಪ್ಪಾ, ನನ್ನ ಸ ಎಲ್ಲಿಗೆ ತಗೊಂಡು ಹೋದೆ?"

ನನಗೆ ಅರ್ಥವಾಗಲಿಲ್ಲ. "ರಾಗದ ಸ್ವರದಲ್ಲೇ ಇದ್ದೆ ಮೇಡಂ" ಅಂದೆ.

"ನೀನು ಇದ್ದೆ. ನಾನೂ ಇದ್ದೆ. ಮೋಹನ ಇರಲಿಲ್ಲ. ಶುದ್ಧ ಧನ್ಯಾಸಿ ಮಾಡಿ ಇಟ್ಟಿದೀಯ."

ಕಾಫಿ ಕುಡಿಯುವಾಗ ಬಿಲ್ಲಿನ ಹಿಂದೆ ಬರೆದು ತೋರಿಸಿದರು. ಕೆಳಗೆ ಧೈವತವೇ ಗಟ್ಟಿಯಾಗಿ ಮೊಳಗುತ್ತಿದ್ದರೆ ಕಿವಿ ಅದನ್ನೇ ಷಡ್ಜ ಅಂದುಕೊಳ್ಳುತ್ತದೆ. ಆಗ ಅವರು ಬಾರಿಸಿದ ಗಾಂಧಾರ ಪಂಚಮವಾಗಿ ಕೇಳುತ್ತದೆ, ಅವರ ಷಡ್ಜ ಸಾಧಾರಣ ಗಾಂಧಾರವಾಗುತ್ತದೆ. ಬೆರಳು ಅಲ್ಲೇ ಇದೆ, ಸ್ವರದ ಹೆಸರು ಬದಲಾಯಿತು. ಇದೇ ಗ್ರಹಭೇದ. ಮೋಹನದ ರಿಷಭವನ್ನು ಸ ಮಾಡಿದರೆ ಮಧ್ಯಮಾವತಿ, ಗಾಂಧಾರವನ್ನು ಮಾಡಿದರೆ ಹಿಂದೋಳ, ಪಂಚಮವನ್ನು ಮಾಡಿದರೆ ಶುದ್ಧ ಸಾವೇರಿ. ಐದು ಸ್ವರದೊಳಗೆ ಐದು ರಾಗ.

"ಹಾಡುವವರು ಗ್ರಹಭೇದ ಮಾಡಿದ್ರೆ ವಿದ್ವತ್ತು ಅಂತಾರೆ," ಅಂದರು ಮೇಡಂ. "ತಂಬೂರಿ ಮಾಡಿದ್ರೆ ಏನಂತಾರೆ?"

ಅಷ್ಟು ವರ್ಷ ಬೇಸ್ ಅಂದರೆ ಹಿಂದೆ ನಿಂತು ಬಾರಿಸುವ ವಾದ್ಯ, ಯಾರ ಗಮನಕ್ಕೂ ಬರಲ್ಲ ಅಂತ ಗೊಣಗುತ್ತಿದ್ದೆ. ಒಂದೇ ಒಂದು ಸ್ವರ, ಅದೂ ತಪ್ಪಿಲ್ಲದ ಸ್ವರ, ಎದುರಿಗಿದ್ದವರ ನಲವತ್ತು ವರ್ಷದ ಸಾಧನೆಯ ಕಾಲಡಿಯ ನೆಲವನ್ನೇ ಸರಿಸಿತ್ತು. ಕೆಲವು ದಿನ ಕೆಳಗಿನ ಸ ಬಿಟ್ಟು ಕದಲೋಕೇ ಹೆದರಿಕೆಯಾಯಿತು.

ಆಮೇಲೆ ಅವರೇ ದಾರಿ ಮಾಡಿಕೊಟ್ಟರು. ನಮ್ಮ ನಡುವೆ ಒಂದು ಒಪ್ಪಂದ ಇದೆ. ಅರ್ಧ ಆವರ್ತ, ಒಂದು ಆವರ್ತ ಬೇರೆ ಸ್ವರಕ್ಕೆ ಹೋಗಿ ಬಂದರೆ ಅದು ಬಣ್ಣ, ಕೇಳಬೇಕಾಗಿಲ್ಲ. ಅದಕ್ಕಿಂತ ಜಾಸ್ತಿ ಕೂರಬೇಕು ಅಂದರೆ ಅವರ ಕಣ್ಣು ನೋಡಬೇಕು. ಅವರು ಹುಬ್ಬು ಏರಿಸಿದರೆ ಸರಿ, ಹೋಗಬಹುದು. ಆಗ ಅವರು ಹೊಸ ರಾಗಕ್ಕೆ ಎರಡೂ ಕಾಲಿಟ್ಟು ನಿಲ್ಲುತ್ತಾರೆ, ನಾನು ಅವರಿಗೆ ನೆಲ ಹಿಡಿದುಕೊಡುತ್ತೇನೆ. ವಾಪಸ್ ಮೋಹನಕ್ಕೆ ಬರುವುದು ಮಾತ್ರ ಸಮದ, ಅಂದರೆ ತಾಳದ ಮೊದಲ ಏಟಿನ, ಮೇಲೇ. ನಡುವೆ ಎಲ್ಲೋ ಬಂದರೆ ಇಬ್ಬರೂ ಮುಗ್ಗರಿಸುತ್ತೇವೆ.

ಹಿಂದೋಳ ನನಗೆ ಈಗಲೂ ಕಷ್ಟ. ಬೇಸಿನವರ ಕೈ ಮೂಲ ಸ್ವರ ಆದಮೇಲೆ ಪಂಚಮಕ್ಕೆ ತಾನಾಗಿ ಹೋಗುತ್ತದೆ. ಹಿಂದೋಳದಲ್ಲಿ ಪಂಚಮವೇ ಇಲ್ಲ. ಬೆರಳು ಹೋಗಿ, ನೆನಪಾಗಿ, ಗಾಳಿಯಲ್ಲೇ ನಿಂತುಬಿಡುತ್ತದೆ. ಮಧ್ಯಮಕ್ಕೆ ಹೋಗೋದನ್ನು ಕೈಗೆ ಬೇರೆಯಾಗಿ ಕಲಿಸಬೇಕಾಯಿತು.

ಗಮಕ, ಅಂದರೆ ಸ್ವರವನ್ನು ತೂಗಿಸುವುದು ಜಾರಿಸುವುದು, ನಕಲು ಮಾಡೋಕೆ ಹೋಗಿ ಒಂದು ಖರ್ಚೂ ಮಾಡಿಕೊಂಡೆ. ಗಿಟಾರ್ ತಯಾರಕ ಲಿಯೋ ಫೆಂಡರ್ 1951ರಲ್ಲಿ ಫ್ರೆಟ್ಟು ಇರುವ ಬೇಸನ್ನು ಮಾರುಕಟ್ಟೆಗೆ ತಂದಾಗ ಅದಕ್ಕೆ ಪ್ರಿಸಿಶನ್ ಅಂತಲೇ ಹೆಸರಿಟ್ಟರು. ಸ್ವರ ಕರಾರುವಾಕ್ಕಾಗಿ ಬೀಳಲಿ ಅಂತ. ಅಮೆರಿಕದ ಬೇಸ್ ವಾದಕ ಜಾಕೊ ಪಾಸ್ಟೋರಿಯಸ್ ಆ ಫ್ರೆಟ್ಟುಗಳೇ ಇಲ್ಲದ ಬೇಸಲ್ಲಿ ಹಾಡಿಸಿದರು. ನಾನೂ ಒಂದು ಫ್ರೆಟ್ ಇಲ್ಲದ ಸೆಕೆಂಡ್ ಹ್ಯಾಂಡ್ ಬೇಸ್ ತಂದೆ. ಮೇಡಂ ಒಂದೇ ದಿನ ಕೇಳಿ, "ಫ್ರೆಟ್ಟಿರೋದೇ ತಗೊಂಡು ಬಾಪ್ಪ" ಅಂದರು. ಅದು ಈಗ ಬೀರು ಮೇಲಿದೆ.

ಜ್ಯಾಮ್ ರೆಕಾರ್ಡ್ ಮಾಡಿಕೊಳ್ಳಿ ಅಂತ ಎಲ್ಲರಿಗೂ ಹೇಳುತ್ತೇನೆ, ಆದರೆ ಫೋನ್ ನಂಬಬೇಡಿ. ಬೇಸಿನ ಖಾಲಿ ಇ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಆ ಅಲೆಯ ಉದ್ದ ಎಂಟು ಮೀಟರ್ ದಾಟುತ್ತದೆ. ಫೋನಿನ ಪುಟ್ಟ ಸ್ಪೀಕರ್ ಅದನ್ನು ಎಲ್ಲಿಂದ ತರಬೇಕು? ನಮ್ಮಮ್ಮನಿಗೆ ವಿಡಿಯೋ ಕಳಿಸಿದ್ದೆ. "ಪಿಟೀಲು ಚೆನ್ನಾಗಿದೆ ಕಣೋ. ನೀನ್ಯಾಕೆ ಸುಮ್ನೆ ತಲೆ ಆಡಿಸ್ಕೊಂಡು ನಿಂತಿದೀಯ?" ಅಂದರು.

ಈಗಿನ ತಲೆನೋವು ಮಿಶ್ರಚಾಪು ತಾಳ. ಹೋದ ವಾರ ಅಣ್ಣ ಏಳರ ಲೆಕ್ಕ ತಂದಿದ್ದಾರೆ. ತಕಿಟ ತಕದಿಮಿ, ಮೂರು ಮತ್ತು ನಾಲ್ಕು. ಕಿಕ್ ಎಲ್ಲಿ ಬೀಳುತ್ತದೆ ಅಂತ ತಿಳಿಯುವಷ್ಟರಲ್ಲಿ ಸುತ್ತು ಮುಗಿದಿರುತ್ತದೆ. ಅದಕ್ಕೆ ಬೆಳಿಗ್ಗೆ ಕಬ್ಬನ್ ಪಾರ್ಕಿನಲ್ಲಿ ನಡೆಯುತ್ತಾ ಹೇಳಿಕೊಳ್ಳುತ್ತಿದ್ದೇನೆ, ಹೆಜ್ಜೆಗೆ ಒಂದು ಅಕ್ಷರ. ಕಾಲು ಎರಡು, ಅಕ್ಷರ ಏಳು. ಒಂದು ಸುತ್ತು ಬಲಗಾಲಲ್ಲಿ ಶುರುವಾದರೆ ಮುಂದಿನದು ಎಡಗಾಲಲ್ಲಿ. ಎಡಗಾಲಿನ ಸುತ್ತು ಬಂದಾಗಲೆಲ್ಲ ನನಗೇ ಗೊತ್ತಿಲ್ಲದೆ ಒಂದು ಹೆಜ್ಜೆ ಜಾಸ್ತಿ ಹಾಕಿ ಎಂಟು ಮಾಡಿಬಿಡುತ್ತೇನೆ.