ಬೆಳಗ್ಗೆ ಮಾತ್ರ ಮುಚ್ಚದ ಗ್ಯಾರೇಜ್ ಬಾಗಿಲು

ತುಮಕೂರಿನಲ್ಲಿ ಆಟೋಮ್ಯಾಟಿಕ್ ಗೇಟು, ಗ್ಯಾರೇಜ್ ಬಾಗಿಲು ರಿಪೇರಿ ಮಾಡುವುದು ನನ್ನ ಕಸುಬು. "ಬಾಗಿಲು ತೆರೆಯುತ್ತೆ, ಮುಚ್ಚೋಕೆ ಹೋದ್ರೆ ವಾಪಸ್ ಮೇಲೇರುತ್ತೆ" ಎಂದು ಫೋನ್ ಬಂದರೆ ನಾನು ಮೋಟರ್ ಮುಟ್ಟುವುದಿಲ್ಲ, ಮೊದಲು ಕೂತು ಕೆಳಗಿನ ಸೆನ್ಸರ್ ನೋಡುತ್ತೇನೆ. ನೆಲದಿಂದ ಆರು ಇಂಚಿನೊಳಗೆ, ಎರಡು ಪಕ್ಕದಲ್ಲಿ ಎದುರುಬದುರಾಗಿ ಇರುತ್ತವೆ. ಒಂದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣ ಬಿಡುತ್ತದೆ, ಇನ್ನೊಂದು ಹಿಡಿಯುತ್ತದೆ. ಕಿರಣ ತಪ್ಪಿದರೆ ಬಾಗಿಲು ಇಳಿಯದು.

ಕ್ಯಾತ್ಸಂದ್ರದ ಕಡೆ ಒಂದು ಮನೆ. ಬೆಳಗ್ಗೆ ಕಾರು ತೆಗೆದ ಮೇಲೆ ಬಾಗಿಲು ಮುಚ್ಚುತ್ತಿರಲಿಲ್ಲ, ಮಧ್ಯಾಹ್ನದ ಹೊತ್ತಿಗೆ ತಾನೇ ಸರಿಹೋಗುತ್ತಿತ್ತು. "ಆ ಸೆನ್ಸರ್ ಕಿತ್ತಾಕ್ಬಿಡಿ ಅಣ್ಣ, ಸಾಕಾಗೋಗಿದೆ" ಅಂದರು ಮನೆಯವರು. ನಾನು ಒಪ್ಪಲಿಲ್ಲ. ಅದೇ ಗ್ಯಾರೇಜಿನಲ್ಲಿ ಅವರ ಮೊಮ್ಮಗ ಸೈಕಲ್ ಹೊಡೆಯುತ್ತಿದ್ದ. ಅಮೆರಿಕದಲ್ಲಿ ಬಾಗಿಲಿನಡಿ ಸಿಕ್ಕಿ ಮಕ್ಕಳು ಸತ್ತ ಮೇಲೆಯೇ ಕಾನೂನು ಬಂತು. 1993ರಿಂದ ಅಲ್ಲಿ ಮಾರಲೆಂದು ತಯಾರಾಗುವ ಮನೆಬಳಕೆಯ ಓಪನರ್‌ಗಳಿಗೆ, ಅಂದರೆ ಬಾಗಿಲು ಎತ್ತಿಳಿಸುವ ಮೋಟರ್‌ಗಳಿಗೆ, ಇಂಥ ಸೆನ್ಸರ್ ಅಥವಾ ಬಾಗಿಲಿನ ಅಂಚಿನ ಸೆನ್ಸರ್ ಕಡ್ಡಾಯ.

ಒಣಬಟ್ಟೆಯಲ್ಲಿ ಎರಡು ಲೆನ್ಸ್ ಒರೆಸಿದೆ. ನಮ್ಮ ಕಡೆ ಧೂಳು, ಜೇಡರ ಬಲೆಯಿಂದಲೇ ಎಷ್ಟೋ ಸಲ ಕಿರಣ ಕಟ್ಟಿಹೋಗುತ್ತದೆ. ಇಲ್ಲಿ ಅದಾಗಿರಲಿಲ್ಲ. ಕಿರಣ ಬಿಡುವ ಸೆನ್ಸರಿನ ದೀಪ ಉರಿಯುತ್ತಿತ್ತು, ಅಂದರೆ ಕರೆಂಟ್ ಇದೆ. ಹಿಡಿಯುವುದರ ದೀಪ ಆರಿತ್ತು, ಅಂದರೆ ಕಿರಣ ಅದಕ್ಕೆ ಸಿಗುತ್ತಿಲ್ಲ. ಬ್ರಾಕೆಟ್ಟಿನ ನಟ್ ಸಡಿಲಿಸಿ ಸ್ವಲ್ಪ ಅತ್ತಿತ್ತ ತಿರುಗಿಸಿದರೂ ಹತ್ತಲಿಲ್ಲ. ಇಲಿ ಕಚ್ಚಿದೆಯೇ ಎಂದು ವೈರಿನುದ್ದಕ್ಕೂ ಕೈಯಾಡಿಸಿದೆ, ಟರ್ಮಿನಲ್ ಸ್ಕ್ರೂ ಬಿಗಿಮಾಡಿದೆ. ಎಲ್ಲ ಸರಿ ಇತ್ತು.

ಆಮೇಲೆ ಹಿಡಿಯುವ ಸೆನ್ಸರಿನ ಮುಂದೆ, ಕಿರಣಕ್ಕೆ ಅಡ್ಡವಾಗದಂತೆ ಬಿಸಿಲಿಗೆ ಮಾತ್ರ ರಟ್ಟು ಹಿಡಿದೆ. ದೀಪ ಹತ್ತಿತು!

ಮನೆ ದಕ್ಷಿಣಕ್ಕೆ ಮುಖ. ಸಂಕ್ರಾಂತಿ ಆಸುಪಾಸಿನಲ್ಲಿ ಸೂರ್ಯ ಹುಟ್ಟುವುದು ಆಗ್ನೇಯದ ಕಡೆಗೆ, ಹಾಗಾಗಿ ಎಳೆಬಿಸಿಲು ತೆರೆದ ಬಾಗಿಲಿಂದ ಓರೆಯಾಗಿ ಒಳನುಗ್ಗಿ ಪಡುವಣ ಪಕ್ಕದ ಸೆನ್ಸರಿಗೆ ನೇರ ಬಡಿಯುತ್ತಿತ್ತು. ಬಿಸಿಲಿನಲ್ಲೂ ಇನ್‌ಫ್ರಾರೆಡ್ ಇದೆ, ಅದರ ಅಬ್ಬರದಲ್ಲಿ ಎದುರಿನ ಕಿರಣ ಇದಕ್ಕೆ ಗೊತ್ತಾಗುತ್ತಿರಲಿಲ್ಲ. ಬೇಸಿಗೆಯಲ್ಲಿ ಈ ತೊಂದರೆ ಇರಲಿಲ್ಲ ಎಂದು ಮನೆಯಮ್ಮ ಹೇಳಿದಾಗ ಖಾತ್ರಿಯಾಯಿತು. ಆಗ ಸೂರ್ಯ ಬಡಗಣಕ್ಕೆ ಸರಿದಿರುತ್ತಾನೆ.

ಪವರ್ ಆಫ್ ಮಾಡಿ ಸೆನ್ಸರ್‌ಗಳನ್ನು ಅದಲುಬದಲು ಮಾಡಿದೆ. ಹಿಡಿಯುವುದು ಮೂಡಣಕ್ಕೆ, ಬಿಡುವುದು ಪಡುವಣಕ್ಕೆ. ಪಡುವಣದಲ್ಲಿ ಪಕ್ಕದವರ ಎರಡಂತಸ್ತಿನ ಮನೆ ಇರುವುದರಿಂದ ಸಂಜೆ ಬಿಸಿಲಿನ ಕಾಟವಿಲ್ಲ. ಹಾಗೆ ಮರೆ ಇಲ್ಲದ ಕಡೆ ಲೆನ್ಸಿನ ಮುಂದೆ ಪಿವಿಸಿ ಪೈಪಿನ ಸಣ್ಣ ತುಂಡು ಕೂರಿಸುತ್ತೇನೆ, ಅದೂ ಚೆನ್ನಾಗಿ ಕೆಲಸ ಮಾಡುತ್ತದೆ.

ಹೊರಡುವ ಮುಂಚೆ ಬಾಗಿಲು ಇಳಿಯುವಾಗ ಪೊರಕೆ ಹಿಡಿಯನ್ನು ಕಿರಣಕ್ಕೆ ಅಡ್ಡ ಹಿಡಿದೆ, ತಕ್ಷಣ ಮೇಲೇರಿತು. ಒಂದೂವರೆ ಇಂಚು ದಪ್ಪದ ಹಲಗೆಯನ್ನು ನೆಲದ ಮೇಲೆ ಮಲಗಿಸಿ ಮತ್ತೆ ಇಳಿಸಿದೆ, ತಾಗಿದ ಕೂಡಲೇ ಹಿಂದಿರುಗಿತು. ಇವೆರಡನ್ನೂ ತಿಂಗಳಿಗೊಮ್ಮೆ ಮಾಡಿ ನೋಡುವಂತೆ ಮನೆಯವರ ಕೈಯಲ್ಲೇ ಒಮ್ಮೆ ಮಾಡಿಸಿ ಬಂದೆ.